ಬಿಸಿಲು ಎತ್ತಿದ ನೀರು

ಸೋಲಾರ್ ಪಂಪಿನ ಕೆಲಸಕ್ಕೆ ಹೊಸದಾಗಿ ಸೇರುವವರು ನನ್ನ ಹತ್ತಿರ ಬಂದರೆ ಮೊದಲು ಕೇಳುವುದು ಬೈಕಿನ ಪೆಟ್ರೋಲಿನ ವಿಷಯ. ಕಂಪನಿ ಕೊಡುತ್ತದೆ, ತಡವಾಗಿ ಕೊಡುತ್ತದೆ ಎನ್ನುತ್ತೇನೆ. ಆಮೇಲೆ ಕೇಳುವುದು, ಕೆಲಸ ಕಷ್ಟವೇ ಎಂದು. ಕಷ್ಟವಿಲ್ಲ. ಬೋಲ್ಟು ಬಿಚ್ಚುವುದು, ಕಟ್ಟುವುದು, ವೈರು ನೋಡುವುದು, ಗಾಜು ಒರೆಸುವುದು. ಕೈ ಪಳಗಿದರೆ ಒಂದು ಮಳೆಗಾಲ, ಒಂದು ಬೇಸಿಗೆಯೊಳಗೆ ಎಲ್ಲವೂ ಬರುತ್ತದೆ. ಆ ಪಂಪು ಎತ್ತುವ ನೀರು ಎಲ್ಲಿಂದ ಬರುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಆ ವಯಸ್ಸಿನಲ್ಲಿ ನಾನೂ ಕೇಳಿರಲಿಲ್ಲ. ಕೇಳುವ ಹೊತ್ತಿಗೆ ನನ್ನ ತಲೆ ಬೆಳ್ಳಗಾಗಿತ್ತು.

ಹೊನ್ನಾವರದ ಒಂದು ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಕೆಲಸ ಕಲಿತವನು ನಾನು. ಹಳ್ಳಿಗಳ ಕುಡಿಯುವ ನೀರಿನ ಪಂಪುಗಳನ್ನು ನೋಡಿಕೊಳ್ಳುವ ಗುತ್ತಿಗೆ ಕಂಪನಿಗೆ ಮೆಕ್ಯಾನಿಕ್ ಆಗಿ ಸೇರಿ, ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲೂಕು ಅಲೆದು, ಅಲ್ಲಿಂದಲೇ ನಿವೃತ್ತನಾದೆ. ಹ್ಯಾಂಡ್‌ಪಂಪಿನ ಕಾಲದಲ್ಲಿ ಕೈಯೆಲ್ಲ ಗ್ರೀಸು. ಕರೆಂಟ್ ಪಂಪಿನ ಕಾಲದಲ್ಲಿ ಮೈಯೆಲ್ಲ ಸುಟ್ಟ ವೈಂಡಿಂಗಿನ ವಾಸನೆ. ಗಾಳಿ ಬಂದರೆ ಲೈನ್ ಇಲ್ಲ, ಲೈನ್ ಬಂದರೆ ವೋಲ್ಟೇಜ್ ಇಲ್ಲ, ಎರಡೂ ಇದ್ದರೆ ಮೋಟಾರು ಸುಟ್ಟಿರುತ್ತಿತ್ತು. ಊರವರ ಬೈಗುಳ ಮಾತ್ರ ಒಂದು ದಿನವೂ ತಪ್ಪಲಿಲ್ಲ. ಹಾಗಾಗಿ ಸೋಲಾರ್ ಬಂದಾಗ ಮೂರು ತಾಲೂಕಿನಲ್ಲಿ ನನ್ನಷ್ಟು ಖುಷಿಪಟ್ಟವನು ಇನ್ನೊಬ್ಬನಿರಲಿಕ್ಕಿಲ್ಲ. ಲೈನಿನ ಹಂಗಿಲ್ಲ, ಬಿಲ್ಲಿಲ್ಲ. ಬೆಳಕು ಹರಿದರೆ ಪಂಪು ತಾನೇ ಏಳುತ್ತದೆ, ಬೈಗಾದರೆ ತಾನೇ ಮಲಗುತ್ತದೆ.

ಹೊಸತರಲ್ಲಿ ನಮ್ಮನ್ನು ಘಟ್ಟದ ಮೇಲೆ ಕರೆದೊಯ್ದು ತರಬೇತಿ ಕೊಟ್ಟರು. ನೀರಿನಿಂದ ಪ್ಯಾನಲ್ಲನ್ನು ಹೇಗೆ ಕಾಪಾಡಬೇಕು ಎನ್ನುವುದೇ ಅದರ ಮುಖ್ಯ ಪಾಠ. ಧೂಳು ಕೂತರೆ ಕರೆಂಟ್ ಕಡಿಮೆಯಾಗುತ್ತದೆ, ತೊಳೆಯಬೇಕು. ಕಾದ ಗಾಜಿಗೆ ತಣ್ಣೀರು ಸುರಿಯಬಾರದು, ಬೆಳಿಗ್ಗೆಯೇ ತೊಳೆಯಬೇಕು. ವೈರು ಸೇರುವ ಪೆಟ್ಟಿಗೆಯೊಳಗೆ ಹನಿಯೂ ಹೋಗಬಾರದು. ಕಲಿಸಿದವರು ಸಮುದ್ರವಿಲ್ಲದ ಊರಿನವರು. ಉಪ್ಪಿನ ಮಾತು ಅಲ್ಲಿ ಬರಲೇ ಇಲ್ಲ.

ಉಪ್ಪಿನ ಪಾಠ ಕುಮಟಾ ತಾಲೂಕಿನಲ್ಲಾಯಿತು. ಅಘನಾಶಿನಿ ಅಳಿವೆಯ ಹತ್ತಿರದ ಒಂದು ಊರಿನಲ್ಲಿ ಪಂಪು ಹಾಕಿದ ಮೊದಲ ಬೇಸಿಗೆಯಲ್ಲೇ ನೀರು ಅರ್ಧಕ್ಕಿಳಿಯಿತು. ಬಿಸಿಲು ನೆತ್ತಿ ಸುಡುತ್ತಿದೆ, ಪಂಪು ಮಾತ್ರ ಮೋಡ ಕವಿದಂತೆ ಮೆಲ್ಲಗೆ ತಿರುಗುತ್ತಿದೆ. ಹೋಗಿ ನೋಡಿದರೆ ಗಾಜಿನ ಮೇಲೆ ಬಿಳಿ ಪದರ. ಒದ್ದೆ ಬೆರಳಿನಿಂದ ಮುಟ್ಟಿ ನಾಲಿಗೆಗಿಟ್ಟರೆ ಉಪ್ಪು. ಕಡಲ ಗಾಳಿ ತಂದದ್ದು ಸ್ವಲ್ಪ, ಉಳಿದದ್ದೆಲ್ಲ ಅಲ್ಲಿನ ವಾಟರ್‌ಮನ್ ವೆಂಕಟ್ರಮಣ ತಂದದ್ದು. ಅವನು ದಿನಾ ಹೊಳೆಯಿಂದ ಕೊಡ ಹೊತ್ತು ತಂದು ಭಕ್ತಿಯಿಂದ ಪ್ಯಾನಲ್ಲು ತೊಳೆಯುತ್ತಿದ್ದ. ಉಬ್ಬರದ ನೀರು ಏರಿ ಬರುವ ಹೊಳೆ ಅದು. ತೊಳೆದಷ್ಟೂ ಉಪ್ಪು ಕೂರುತ್ತಿತ್ತು. ಕೂತದ್ದನ್ನು ಕಂಡು ಅವನು ಇನ್ನಷ್ಟು ತೊಳೆಯುತ್ತಿದ್ದ. ಬಯ್ಯೋಣವೆಂದರೆ ಬಾಯಿ ಬರಲಿಲ್ಲ. ಬಾವಿಯ ಸಿಹಿನೀರು ಜನರಿಗೇ ಸಾಲದಿರುವಾಗ ಪ್ಯಾನಲ್ಲಿನ ಕನ್ನಡಿಗೆ ಹಾಕುವುದು ಹೇಗೆ ಎಂದು ಅವನು ಹೊಳೆಯ ದಾರಿ ಹಿಡಿದಿದ್ದ.

ಕೊನೆಗೆ ಸಿಹಿನೀರಿನಿಂದಲೇ ತೊಳೆಯಬೇಕಾಯಿತು. ನಲ್ಲಿಯ ಮುಂದೆ ಕೊಡಗಳ ಸಾಲು ಇದ್ದ ಹೊತ್ತಿನಲ್ಲೇ ನಾವು ಬಕೆಟ್ಟಿನ ಮೇಲೆ ಬಕೆಟ್ಟು ಗಾಜಿನ ಮೇಲೆ ಸುರಿದೆವು. ಸಾಲಿನಲ್ಲಿದ್ದ ಮುದುಕಿಯೊಬ್ಬಳು, ಸಿಟ್ಟಿಲ್ಲದೆ, ಹವಾಮಾನದ ಮಾತಾಡಿದ ಹಾಗೆ ಹೇಳಿದಳು: "ನಾವು ಸಮಾ ಮಿಂದು ಎಷ್ಟ್ ದಿನ ಆತು. ನೀವು ಕನ್ನಡಿಗೆ ಮೀಸ್ತಾ ಇದ್ರಿ."

ನಾನು ಇನ್ನೊಂದು ಬಕೆಟ್ಟು ಸುರಿದೆ. ತೊಳೆದ ಮೇಲೆ ಪಂಪು ಸರಿಯಾಯಿತು. ಅಂದಿನಿಂದ ಪ್ರತಿ ಬೇಸಿಗೆಯೂ ಕುಡಿಯುವ ನೀರಿನಲ್ಲಿ ಕನ್ನಡಿಯ ಪಾಲು ಎತ್ತಿಡುವುದು ನಮ್ಮ ಕೆಲಸದ ಒಂದು ಭಾಗವಾಯಿತು.

ಭಟ್ಕಳದ ಕಡೆ ನನ್ನ ಜೊತೆಗಿದ್ದವರು ಇಸ್ಮಾಯಿಲ್. ನವಾಯತಿಯಲ್ಲಿ ಗೊಣಗಿ ಕನ್ನಡದಲ್ಲಿ ನಗುವ ಮನುಷ್ಯ. ಒಂದು ಮಳೆಗಾಲ ಹಳ್ಳ ಉಕ್ಕಿ ಪಂಪಿನ ಅಂಗಳಕ್ಕೆ ನೀರು ನುಗ್ಗಿತು. ಪ್ಯಾನಲ್ಲುಗಳನ್ನು ತೀರಾ ತಗ್ಗಿನಲ್ಲಿ ಕೂರಿಸಿದ್ದರು, ಏಕೆಂದರೆ ಜಾಗ ಆರಿಸಲು ಬಂದವರು ಬೇಸಿಗೆಯಲ್ಲಿ ಬಂದಿದ್ದರು. ಮಳೆ ಬಿಟ್ಟು ಸುಡುಬಿಸಿಲು ಬಿತ್ತು. ಮುಳುಗಿದ ಕಂಟ್ರೋಲರ್ ಪೆಟ್ಟಿಗೆಯನ್ನು ಬಿಚ್ಚಿ ಉಳಿಸೋಣವೆಂದು ಇಸ್ಮಾಯಿಲ್ ಮೊಣಕಾಲುದ್ದದ ನೀರಿಗೆ ಇಳಿದರು. ಸ್ವಿಚ್ ಆಫ್ ಮಾಡಿದ್ದೇವೆ ಎಂಬ ಧೈರ್ಯ ನಮಗಿಬ್ಬರಿಗೂ ಇತ್ತು. ಕಂಬದ ಲೈನಿಗೆ ಆ ಧೈರ್ಯ ಸಾಕು, ಪ್ಯಾನಲ್ಲಿಗೆ ಸಾಲದು. ಬಿಸಿಲು ಬೀಳುತ್ತಿರುವಷ್ಟು ಹೊತ್ತು ಪ್ಯಾನಲ್ಲಿನಿಂದ ಸ್ವಿಚ್ಚಿನವರೆಗಿನ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಅವರ ಕೈ ಕಬ್ಬಿಣಕ್ಕೆ ಅಂಟಿಕೊಂಡಿತು. ನಾನು ಶೆಡ್ಡಿನೊಳಗಿದ್ದ ಒಣ ಬಿದಿರ ಗಳ ತಂದು ಹೊಡೆದು ಬಿಡಿಸಿದೆ. ಬದುಕಿದರು. ಬಲಗೈಯ ಬೆರಳುಗಳು ಮಾತ್ರ ಮತ್ತೆ ಮಡಚಲಿಲ್ಲ. ಈಗ ತಮ್ಮನ ಬಟ್ಟೆ ಅಂಗಡಿಯ ಬಾಗಿಲಲ್ಲಿ ಕೂತಿರುತ್ತಾರೆ. ನಾನು ಹೋದರೆ ಎಡಗೈ ಮುಂದೆ ಮಾಡುತ್ತಾರೆ.

ಆಮೇಲೆ ನಾನೊಂದು ನಿಯಮ ಇಟ್ಟುಕೊಂಡೆ. ರಿಪೇರಿಗೆ ಕೈ ಹಾಕುವ ಮೊದಲು ಪ್ಯಾನಲ್ಲಿನ ಮೇಲೆ ಕಪ್ಪು ತಾಡಪತ್ರಿ ಹೊದಿಸುವುದು. ಬಿಸಿಲನ್ನು ನಿಲ್ಲಿಸಲು ಬೇರೆ ದಾರಿಯಿಲ್ಲ. ನೀವೂ ಇದನ್ನು ಬಿಡಬೇಡಿ, ಎಷ್ಟೇ ಅವಸರವಿರಲಿ.

ಇಲ್ಲಿಯವರೆಗೆ ಹೇಳಿದ್ದು ನೀರು ಪ್ಯಾನಲ್ಲಿಗೆ ಮಾಡುವ ಕೇಡು. ಅದಕ್ಕೆಲ್ಲ ಮದ್ದುಂಟು. ಇನ್ನೊಂದು ಬಗೆಯದನ್ನು ನಾನು ಕಂಡದ್ದು ಹೊನ್ನಾವರ ತಾಲೂಕಿನ ಒಂದು ಕೇರಿಯಲ್ಲಿ. ನಿಜವಾದ ಹೆಸರು ಬೇಡ, ಹೊಸಬೇಲೆ ಎಂದಿಟ್ಟುಕೊಳ್ಳಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಮರಳಿನ ಪಟ್ಟಿ, ಅದರ ಮೇಲೆ ಮೀನುಗಾರರ ಮನೆಗಳು. ಎಲ್ಲಿ ತೋಡಿದರೂ ಕೈಗೆ ನೀರು ಸಿಗುತ್ತಿತ್ತು. ಆದರೆ ಬಾಯಿಗೆ ಹಿತವಾದ ನೀರು ಇದ್ದದ್ದು ಮಾದೇವಿಯವರ ಹಿತ್ತಲಿನ ಬಾವಿಯಲ್ಲಿ.

ಮಾದೇವಿಯ ಗಂಡ ಗಣಪತಿ ದೋಣಿಗೆ ಹೋಗುವವರು. ಆಕೆ ಹೊನ್ನಾವರ ಪೇಟೆಯಲ್ಲಿ ಮೀನು ಮಾರುತ್ತಿದ್ದರು. ಬಾವಿ ಮನೆಯದ್ದಾದರೂ ನೀರು ಇಡೀ ಕೇರಿಯದ್ದು ಎಂದು ಅವರ ಮಾವನ ಕಾಲದಿಂದ ನಡೆದು ಬಂದಿತ್ತು. ಬೆಳಗಾಗುವ ಮೊದಲೇ ಹಿತ್ತಲಲ್ಲಿ ಹೆಂಗಸರ ಸಾಲು. ಕೇರಿಯ ತುದಿಯ ಮನೆಗಳವರು ಮರಳಿನಲ್ಲಿ ಕಾಲು ಹೂಳುತ್ತ ಕೊಡ ಹೊತ್ತು ಹೋಗುವುದನ್ನು ನೋಡಿ ನೋಡಿ ಮಾದೇವಿಯೇ ಪಂಚಾಯ್ತಿಗೆ ಅಲೆದು, ಮೆಂಬರುಗಳ ಮನೆ ಬಾಗಿಲಲ್ಲಿ ಕೂತು ಪಂಪು ತಂದರು. ಪ್ಯಾನಲ್ಲು ನಿಲ್ಲಿಸಲು ಜಾಗ ಬೇಕಾದಾಗ ತಾವು ಮೀನು ಒಣಗಿಸುವ ಅಂಗಳವನ್ನೇ ಬಿಟ್ಟುಕೊಟ್ಟರು. ಕೇರಿಯಲ್ಲಿ ಬಿಸಿಲು ಚೆನ್ನಾಗಿ ಬೀಳುವ ಜಾಗ ಅದೊಂದೇ.

ಆಗ ನಮ್ಮ ಮೇಲಿನವರು ಕಾಮತ್ ಇಂಜಿನಿಯರ್. ಬೂಟು ಬಿಚ್ಚಿ ಕೆಸರಿಗಿಳಿಯುವ ಸಾಹೇಬರು. ಪಂಪು ಇಳಿಸುವ ದಿನ ಕೇರಿಯವರನ್ನು ಕೂರಿಸಿಕೊಂಡು ಮರಳಿನ ಮೇಲೆ ಬೆರಳಿನಿಂದ ಚಿತ್ರ ಬರೆದು ಹೇಳಿದರು. ಮಳೆಯ ಸಿಹಿನೀರು ಮರಳಿನೊಳಗೆ ಇಳಿದು, ಅಡಿಯ ಉಪ್ಪುನೀರಿನ ಮೇಲೆ ಎಣ್ಣೆಯ ಹಾಗೆ ತೇಲಿಕೊಂಡಿರುತ್ತದೆ. ಕೊಡದಲ್ಲಿ ಸೇದಿದರೆ ಅದಕ್ಕೆ ತಿಳಿಯುವುದೂ ಇಲ್ಲ. ಎಡೆಬಿಡದೆ ಎಳೆದರೆ ಮೇಲಿನ ಸಿಹಿ ಸ್ವಲ್ಪ ಇಳಿಯುವಷ್ಟರಲ್ಲಿ ಅಡಿಯ ಉಪ್ಪು ಅದರ ಎಷ್ಟೋ ಪಟ್ಟು ಏರಿ ಬಂದಿರುತ್ತದೆ. ಆದ್ದರಿಂದ ಬೆಳಿಗ್ಗೆ ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿಬಿಡಿ ಎಂದರು. ಎಲ್ಲರೂ ಆತು, ಆತು ಎಂದರು. ಸುಳ್ಳಿಗೆ ಹೇಳಿದ್ದಲ್ಲ, ಆ ದಿನ ಎಲ್ಲರಿಗೂ ಹಾಗೇ ಮಾಡುವ ಮನಸ್ಸಿತ್ತು. ಮೊದಲ ದಿನ ಮಾದೇವಿ ನಲ್ಲಿ ತಿರುಗಿಸಿ, ಮುಚ್ಚಿ, ಮತ್ತೆ ತಿರುಗಿಸಿ ನೋಡಿದ್ದು ನನಗೆ ನೆನಪಿದೆ.

ಆದರೆ ನಿಲ್ಲಿಸುವವರು ಯಾರು? ಗಂಡಸರು ಕಡಲಲ್ಲಿ, ಹೆಂಗಸರು ಪೇಟೆಯಲ್ಲಿ. ಕರೆಂಟ್ ಪಂಪಾಗಿದ್ದರೆ ಲೈನ್ ಹೋಗಿ ತಾನೇ ನಿಲ್ಲುತ್ತಿತ್ತು. ನಾವು ಲೈನನ್ನು ಬೈಯುತ್ತ ಕೂತಿರುತ್ತಿದ್ದ ಹೊತ್ತಿನಲ್ಲೇ ಬಾವಿ ಉಸಿರು ತೆಗೆದುಕೊಳ್ಳುತ್ತಿತ್ತು ಎಂದು ಈಗ ಅನಿಸುತ್ತದೆ. ಬಿಸಿಲಿಗೆ ಲೋಡ್ ಶೆಡ್ಡಿಂಗ್ ಇಲ್ಲ. ಒಂದೇ ವರ್ಷದಲ್ಲಿ ಮನೆಮನೆಗೆ ನಲ್ಲಿ ಬಂತು, ಆಮೇಲೆ ಬಚ್ಚಲಿಗೆ, ಪಾಯಖಾನೆಗೆ. ಬಲೆ ತೊಳೆಯಲು, ಐಸಿನ ಪೆಟ್ಟಿಗೆ ತೊಳೆಯಲು ಅದೇ ನೀರು. ತಮ್ಮ ಹಿತ್ತಲಿನ ಚಿಕ್ಕ ಬಾವಿಗಳನ್ನು ಹಲವರು ಮುಚ್ಚಿ ಅದರ ಮೇಲೆ ಬಚ್ಚಲು ಕಟ್ಟಿಸಿದರು. ದುಂದು ಮಾಡಿದರು ಎಂದು ನಾನು ಹೇಳಲಾರೆ. ಪೇಟೆಯ ಮನೆಗಳಲ್ಲಿ ಬಳಸುವಷ್ಟನ್ನೇ ಅವರೂ ಬಳಸಿದರು. ತಲೆಯ ಮೇಲೆ ಹೊತ್ತು ತರುವಾಗ ಇದ್ದ ಅಳತೆ ಹೋಯಿತು, ಅಷ್ಟೇ.

ಎರಡನೆಯ ಬೇಸಿಗೆಯಲ್ಲಿ ಮಾದೇವಿಯ ಫೋನು ಬಂತು. "ನಾಯ್ಕರೆ, ಚಾ ಒಡೀತಾ ಅದೆ. ಹಾಲಿಂದೇ ದೋಷ ಅಂದೇಳಿ ಎರಡ್ ಸಲ ಚೆಲ್ದೆ. ಈಗ ಬೇಳೆನೂ ಬೇಯೂದಿಲ್ಲ."

ಹೋಗಿ ಬಾಯಿಗೆ ಹಾಕಿ ನೋಡಿದೆ. ಉಪ್ಪೆಂದು ಹೇಳುವಂತಿಲ್ಲ, ಸಿಹಿಯೆಂದೂ ಹೇಳುವಂತಿಲ್ಲ. ನೀರಿನ ಟಾಕಿ ತುಂಬಿದ ಕೂಡಲೇ ಪಂಪು ನಿಲ್ಲುವ ಹಾಗೆ ಸ್ವಿಚ್ ಕೂರಿಸಿ ಬಂದೆ. ಮುಂದಿನ ಸಲ ಹೋದಾಗ ಯಾರೋ ಅದರ ವೈರು ಕತ್ತರಿಸಿದ್ದರು. ಪಂಪು ನಿಂತರೆ ಪೈಪಿನಲ್ಲಿ ಒತ್ತಡವಿಲ್ಲದೆ ಕೇರಿಯ ತುದಿಗೆ ನೀರು ಮುಟ್ಟುತ್ತಿರಲಿಲ್ಲವಂತೆ. ತುದಿಯ ಮನೆಗಳವರೇ ಕತ್ತರಿಸಿದ್ದರು, ಮುಚ್ಚಿಡದೆ ಹೇಳಿದರು. ಯಾರಿಗಾಗಿ ಮಾದೇವಿ ಪಂಪು ತಂದಿದ್ದರೋ ಅದೇ ಮನೆಗಳು. ಮತ್ತೆ ಕೂರಿಸಿದೆ, ಮತ್ತೆ ಕತ್ತರಿಸಿದರು.

ಮಳೆ ಬಂದರೆ ಸರಿಹೋಗುತ್ತದೆ ಎಂದುಕೊಂಡೆವು. ಮಳೆಗಾಲದಲ್ಲಿ ಬಾವಿ ತುಂಬಿ ಸಿಹಿಯೂ ಆಯಿತು. ಆಗ ಬಿಸಿಲಿಲ್ಲದೆ ಪಂಪು ಸರಿಯಾಗಿ ಓಡುತ್ತಿರಲಿಲ್ಲ. ಬಾವಿ ತಳಕ್ಕಿಳಿಯುವ ಬೇಸಿಗೆಯಲ್ಲಿ ಬಿಸಿಲು ಮೈತುಂಬಿ ಬರುತ್ತಿತ್ತು, ಆಗ ಪಂಪಿಗೆ ಹತ್ತಾಳಿನ ಬಲ. ನೀರಿರುವಾಗ ಎಳೆಯಲಾರದು, ಇಲ್ಲದಿರುವಾಗ ಬಿಡಲಾರದು. ವರ್ಷ ವರ್ಷವೂ ಸಿಹಿಯ ತಿಂಗಳುಗಳು ಕಡಿಮೆಯಾದವು. ಮೊದಲು ಹೋಳಿಯ ಹೊತ್ತಿಗೆ ಉಪ್ಪಾಗುತ್ತಿದ್ದದ್ದು ಆಮೇಲೆ ಸಂಕ್ರಾಂತಿಗೇ ಆಯಿತು.

ಈ ಯಂತ್ರಕ್ಕೆ ಒಂದು ಕಾವಲು ಇರುತ್ತದೆ. ಬಾವಿ ಬತ್ತಿದರೆ ಕಂಟ್ರೋಲರ್ ತಾನೇ ತಿಳಿದು ಪಂಪನ್ನು ನಿಲ್ಲಿಸುತ್ತದೆ. ಹೊಸಬೇಲೆಯಲ್ಲಿ ಅದು ಒಂದು ಸಲವೂ ನಿಲ್ಲಿಸಲಿಲ್ಲ, ಏಕೆಂದರೆ ಬಾವಿ ಬತ್ತಲೇ ಇಲ್ಲ. ಸಿಹಿನೀರು ಹೋದ ಜಾಗಕ್ಕೆ ಕಡಲು ಬರುತ್ತಿತ್ತು. ಅಷ್ಟು ಹೊತ್ತಿಗೆ ಪಂಪುಗಳನ್ನೆಲ್ಲ ದೂರದ ಆಫೀಸಿನಿಂದಲೇ ಮೊಬೈಲಿನಲ್ಲಿ ನೋಡುವ ವ್ಯವಸ್ಥೆ ಬಂದಿತ್ತು. ಅದರಲ್ಲಿ ಹೊಸಬೇಲೆಗೆ ಸದಾ ಹಸಿರು ಗುರುತು. ಎಲ್ಲ ಕಡೆಗಿಂತ ಚೆನ್ನಾಗಿ ಓಡುವ ಪಂಪು ಎಂದು ಹೊರಗಿನಿಂದ ಬಂದವರನ್ನು ಅಲ್ಲಿಗೇ ಕರೆತರುತ್ತಿದ್ದರು. ಅವರು ಪ್ಯಾನಲ್ಲಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ಸಂಗಡ ತಂದ ಬಾಟಲಿಯ ನೀರು ಕುಡಿದು, ಅಪ್ಸರಕೊಂಡದ ಜಲಪಾತ ನೋಡಲು ಹೋಗುತ್ತಿದ್ದರು.

ಪಂಪನ್ನು ತೆಗೆಸಿ ಎಂದು ಮಾದೇವಿ ಕೇಳತೊಡಗಿದರು. ತೆಗೆಯುವ ಅಧಿಕಾರ ನನಗಿಲ್ಲ. ಕಾಮತರು ಫೋನಿನ ಮೇಲೆ ಫೋನು ಮಾಡಿದರು, ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದರು. ಒಂದು ದಿನ ಜೀಪಿನಲ್ಲಿ ನನ್ನ ಪಕ್ಕ ಕೂತು ಹೇಳಿದರು: "ಓಡುವ ಪಂಪನ್ನು ಯಾಕೆ ತೆಗೀಬೇಕು ಅಂತ ಕೇಳ್ತಾರೆ ನಾಯ್ಕ. ಉಪ್ಪು ಅಂದೆ. ಉಪ್ಪು ಅವರ ಮೊಬೈಲಿನಲ್ಲಿ ಕಾಣೂದಿಲ್ಲ." ಪಂಪು ಓಡುತ್ತಿರುವ ಊರಿಗೆ ಟ್ಯಾಂಕರ್ ನೀರೂ ಮಂಜೂರಾಗುವುದಿಲ್ಲ. ಕಾಮತರು ಮರುವರ್ಷ ಕೆಲಸ ಬಿಟ್ಟರು. 

ಆ ಬೇಸಿಗೆಯಲ್ಲಿ ಮಾದೇವಿಯ ಮಗಳು ಸವಿತಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ನಾನು ಹೋದಾಗ ಜಗಲಿಯ ಮೇಲೆ ಕಾಲು ಚಾಚಿ ಕೂತಿರುತ್ತಿದ್ದಳು. ಪಾದ ಬಾತು ಚಪ್ಪಲಿ ಹಿಡಿಯುತ್ತಿರಲಿಲ್ಲ. ರಕ್ತದೊತ್ತಡ ಏರಿದೆ, ಉಪ್ಪು ಬಿಡಬೇಕು ಎಂದು ಡಾಕ್ಟರು ಹೇಳಿದ್ದರು. ಮಾದೇವಿ ಒಣಮೀನು ನಿಲ್ಲಿಸಿದರು, ಉಪ್ಪಿನಕಾಯಿ ನಿಲ್ಲಿಸಿದರು, ಸಾರಿಗೆ ಉಪ್ಪು ಹಾಕುವುದನ್ನೇ ಬಿಟ್ಟರು. ಬಾಟಲಿ ನೀರು ತಂದಷ್ಟು ದಿನ ತಂದರು. ಗಂಜಿಗೆ, ಸಾರಿಗೆ, ಚಹಕ್ಕೆ ಮತ್ತೆ ನಲ್ಲಿಯ ನೀರೇ.

"ಉಪ್ಪು ಬಿಡಿ ಅಂದ್ರು," ಎಂದು ಮಾದೇವಿ ನನಗೆ ಹೇಳಿದರು. "ಎಲ್ಲಿಂದ ಬಿಡೂದು ನಾಯ್ಕರೆ?"

ಮಗು ಹೊಟ್ಟೆಯಲ್ಲೇ ತೀರಿಕೊಂಡಿತು. ಸವಿತಾ ಉಳಿದಳು. ನೀರಿನಿಂದಲೇ ಹೀಗಾಯಿತು ಎಂದು ಯಾವ ಡಾಕ್ಟರೂ ಹೇಳಲಿಲ್ಲ. ನಾನು ಮೆಕ್ಯಾನಿಕ್, ನಾನೂ ಹೇಳಲಾರೆ. ಅಲ್ಲವೆಂದು ಹೇಳುವವರೂ ನನಗೆ ಸಿಕ್ಕಿಲ್ಲ.

ಕೆಲವು ದಿನಗಳ ಮೇಲೆ ಆಫೀಸಿನಿಂದ ಕರೆ ಬಂತು. ಹೊಸಬೇಲೆ ಕೆಂಪಾಗಿದೆ, ಬಿಸಿಲಿದ್ದರೂ ಪಂಪು ಓಡುತ್ತಿಲ್ಲ, ಕೂಡಲೇ ಹೋಗು ಎಂದರು. ಹೋದೆ. ಪ್ಯಾನಲ್ಲುಗಳ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಕಪ್ಪು ತಾಡಪತ್ರಿ ಹೊದಿಸಿ, ಗಾಳಿಗೆ ಹಾರದ ಹಾಗೆ ಹಳೆಯ ಬಲೆ ಹಾಸಿ, ಬಲೆಯ ಅಂಚಿಗೆ ಕಲ್ಲು ಕಟ್ಟಿದ್ದರು. ಒಂದು ಗಾಜೂ ಒಡೆದಿರಲಿಲ್ಲ, ಒಂದು ವೈರೂ ಕಿತ್ತಿರಲಿಲ್ಲ. ನಾನು ರಿಪೇರಿಗೆ ಬಂದಾಗ ಮಾಡುತ್ತಿದ್ದುದನ್ನು ನೋಡಿಯೇ ಕಲಿತಿದ್ದರು. ಮಾದೇವಿ ಅದರ ನೆರಳಿನಲ್ಲಿ ಮಣೆ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ಇನ್ನೂ ಮೂರು ನಾಲ್ಕು ಹೆಂಗಸರು.

"ಎಂತ ಮಾದೇವಕ್ಕ ಇದು?" ಎಂದೆ.

"ಬಾವಿ ಮಲಗ್ಲಿ. ಸಾಕಾಗಿ ಹೋತು ಅದ್ಕೆ."

ಆಫೀಸಿನವರು ತೆಗೆಯಲು ಹೇಳಿದ್ದಾರೆ ಎಂದು ತಿಳಿಸಿದೆ. ನೀವು ತೆಗೀತ್ರಾ ಎಂದು ಕೇಳಿದರು. ಇಲ್ಲ ಎಂದೆ. ಕೈ ಬರಲಿಲ್ಲ ಎನ್ನುವುದು ಸರಿಯಾದ ಮಾತು. ಬೈಕು ಹತ್ತಿರದ ತೆಂಗಿನ ನೆರಳಿಗೆ ನಿಲ್ಲಿಸಿ ನಾನೂ ಕೂತೆ. ಮಳೆಗಾಲದವರೆಗೆ ಹೀಗೇ ಬಿಟ್ಟರೆ ಬಾವಿ ಸ್ವಲ್ಪ ಸುಧಾರಿಸೀತು, ಅಷ್ಟು ದಿನ ಮೇಲಿನಿಂದ ಟ್ಯಾಂಕರ್ ಕಳಿಸಿದರೆ ಆಯಿತು ಎಂದು ನಾನೇ ಆಫೀಸಿಗೆ ಫೋನು ಮಾಡಿ ಹೇಳಿದೆ. ಪಂಪು ಕೆಟ್ಟಿದ್ದರೆ ಟ್ಯಾಂಕರ್, ಮುಚ್ಚಿಟ್ಟರೆ ಇಲ್ಲ ಎಂದರು.

ತಾಡಪತ್ರಿ ಅದೇ ವಾರ ಇಳಿಯಿತು. ಇಳಿಸಿದ್ದು ನಾನಲ್ಲ, ಪೊಲೀಸರೂ ಅಲ್ಲ. ಮಾದೇವಿಯೇ ಹೇಳಿದ್ದನ್ನು ಬರೆಯುತ್ತೇನೆ. ತುದಿಯ ಮನೆಯ ಬಾಣಂತಿ ತಿಂಗಳು ತುಂಬದ ಕೂಸನ್ನು ಎದೆಗೆ ಅವಚಿಕೊಂಡು ಮರಳಿನಲ್ಲಿ ನಡೆದು ಬಂದಳಂತೆ. ಅವಳ ಮನೆಯ ಬಾವಿ ಮುಚ್ಚಿ ಬಚ್ಚಲಾಗಿತ್ತು. ಜಗಳ ಮಾಡಲಿಲ್ಲ. "ಉಪ್ಪಾದ್ರೂ ನೀರು ಅಲ್ದನೆ ಅಕ್ಕ," ಎಂದಳಂತೆ. "ಕೂಸಿನ ಬಟ್ಟೆ ತೊಳೂಕೆ ನಾ ಎಲ್ಲಿಗ್ ಹೋಗ್ಲಿ?"

ಮಾದೇವಿ ಎದ್ದು ಕಲ್ಲು ಬಿಚ್ಚಿದರು. ಸವಿತಾ ಜಗಲಿಯಿಂದ ಇಳಿದು ಬಂದು ತಾಡಪತ್ರಿಯ ಇನ್ನೊಂದು ತುದಿ ಹಿಡಿದಳು. ತಾಯಿ ಮಗಳು ಸೇರಿ ಅದನ್ನು ಸೀರೆ ಮಡಚುವ ಹಾಗೆ ಮಡಚಿಟ್ಟರು. ಆಫೀಸಿನಲ್ಲಿ ಹಸಿರು ಬಂತು. ನನಗೆ ಶಾಬಾಸ್ ಎಂದು ಮೆಸೇಜು ಬಂತು.

ಆ ಬಾವಿ ಈಗ ಮಳೆಗಾಲದಲ್ಲೂ ಸಿಹಿಯಾಗುವುದಿಲ್ಲ. ಹಿತ್ತಲಿನ ತೆಂಗು ಗರಿ ಜೋತು ನಿಂತಿದೆ. ಕುಡಿಯುವ ನೀರನ್ನು ಹೆದ್ದಾರಿಯ ಆಚೆಯಿಂದ ಕ್ಯಾನಿನಲ್ಲಿ ತರುತ್ತಾರೆ, ಮರಳಿನಲ್ಲಿ ಗಾಡಿ ಬರದ ಕಾರಣ ಕೊನೆಯ ದಾರಿ ತಲೆಹೊರೆಯೇ. ಪ್ಯಾನಲ್ಲುಗಳು ಚೆನ್ನಾಗಿವೆ. ಇನ್ನೂ ಬಹಳ ವರ್ಷ ಬಾಳುತ್ತವೆ.

ನನ್ನ ನೌಕರಿಯ ಕೊನೆಯ ಕೆಲಸ ಕುಮಟಾ ತಾಲೂಕಿನ ಇನ್ನೊಂದು ಮರಳ ಕೇರಿಯಲ್ಲಿ, ಹೊಸ ಪಂಪು ಕೂರಿಸುವುದು. ಪೈಪು ಇಳಿಸುವ ಮೊದಲು ನಾನು ಕೇರಿಯವರನ್ನು ಕರೆದು ಹೊಸಬೇಲೆಯ ಕತೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಬಾವಿಯ ಕತೆ, ಸವಿತಾಳ ಕತೆ, ತಾಡಪತ್ರಿಯ ಕತೆ. ಅವರು ಗಮನವಿಟ್ಟು ಕೇಳಿದರು. ಒಬ್ಬಾಕೆ ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಇಟ್ಟುಕೊಂಡು ನಿಂತೇ ಕೇಳಿದಳು. ನಾನು ಮುಗಿಸುವವರೆಗೂ ಕೊಡ ಇಳಿಸಲಿಲ್ಲ.

"ನಮ್ಮ ಅಮ್ಮನೂ ಹೊತ್ತಳು, ನಾನೂ ಹೊತ್ತೆ," ಎಂದಳು. "ಮುಂದಿಂದು ಮುಂದೆ ನೋಡ್ವ. ನೀವು ಹಾಕಿ."

ಅವಳಿಗೆ ಬೇಡವೆನ್ನಲು ನಾನು ಯಾರು? ನನ್ನ ಮನೆಯ ಬಚ್ಚಲಲ್ಲಿ ನಲ್ಲಿ ಇದೆ. ಪಂಪು ಇಳಿಸಿದೆ, ವೈರು ಸೇರಿಸಿದೆ. ಹೊತ್ತು ಏರಿದಂತೆ ಪೈಪು ಕೆಮ್ಮಿ, ಗಾಳಿ ಉಗುಳಿ, ನೀರು ಬಂತು. ಹೆಂಗಸರು ಒಬ್ಬರ ಮೇಲೊಬ್ಬರು ಎರಚಿಕೊಂಡು ನಕ್ಕರು. ಕೊಡ ಹೊತ್ತು ನಿಂತಿದ್ದವಳೇ ಮೊದಲ ಲೋಟ ತುಂಬಿಸಿ ತಂದು, ನೀವೇ ಮೊದಲು ಕುಡಿಯಬೇಕು ಎಂದು ನನ್ನ ಕೈಗಿಟ್ಟಳು.

ಕುಡಿದೆ. ಎಳನೀರಿನಷ್ಟು ಸಿಹಿಯಾಗಿತ್ತು.